ಕೈಪಿಡಿ ದಪ್ಪವಾಗಿದೆ, ವರ್ಷವಿಡೀ ಬಂದ ವರದಿ ನಾಲ್ಕೇ ನಾಲ್ಕು: ಎಸ್‌ಎಂಎಸ್ ಅನ್ನು ಎಲ್ಲಿಂದ ಸರಿಪಡಿಸಬೇಕು?

ಹೊಸಹೊಣೆ

ಎಲ್ಲರಿಗೂ ನಮಸ್ಕಾರ. ಆರು ವಿಮಾನಗಳಿರುವ ಒಂದು ಸಣ್ಣ ಬಾಡಿಗೆ ವಿಮಾನ ಸಂಸ್ಥೆಯಲ್ಲಿ ಸುರಕ್ಷತಾ ವ್ಯವಸ್ಥಾಪಕನ ಹೊಣೆ ಐದು ತಿಂಗಳ ಹಿಂದೆ ನನ್ನ ಹೆಗಲಿಗೆ ಬಂದಿದೆ. ಅದಕ್ಕೂ ಮೊದಲು ಹಲವು ವರ್ಷ ಹಾರಾಟಗಳನ್ನು ಯೋಜಿಸುವ ಡಿಸ್ಪ್ಯಾಚ್ ವಿಭಾಗದಲ್ಲಿದ್ದೆ. ಕಾಗದದ ಮೇಲೆ ನಮ್ಮ ಸುರಕ್ಷತಾ ನಿರ್ವಹಣಾ ವ್ಯವಸ್ಥೆಗೆ (ಎಸ್‌ಎಂಎಸ್) ಯಾವ ಕೊರತೆಯೂ ಇಲ್ಲ: ಮುಖ್ಯ ಹೊಣೆಗಾರರಾದ ಅಧಿಕಾರಿಯ ಸಹಿಯಿರುವ ನೀತಿ ಪತ್ರ ಗೋಡೆಯ ಮೇಲಿದೆ, ಮೂರು ತಿಂಗಳಿಗೊಮ್ಮೆ ಸಮಿತಿ ಸೇರುತ್ತದೆ, ಅಪಾಯಗಳ ನೋಂದಣಿ ಪುಸ್ತಕದಲ್ಲಿ 61 ಸಾಲುಗಳಿವೆ.

ಆದರೆ ಕಳೆದ ವರ್ಷ ಸಿಬ್ಬಂದಿಯಿಂದ ಬಂದ ವರದಿಗಳು ನಾಲ್ಕು. ಅವುಗಳಲ್ಲಿ ಮೂರು ಹಕ್ಕಿ ಬಡಿದ ಪ್ರಕರಣಗಳು, ಅಂದರೆ ಹೇಗಿದ್ದರೂ ತಿಳಿಸಲೇಬೇಕಾಗಿದ್ದವು. ನಾಲ್ಕನೆಯದು ವಿಮಾನ ಎಳೆಯುವ ಟೋ ಬಾರ್ ಸವೆದಿದೆ ಎಂಬ ದೂರು. ನೋಂದಣಿ ಪುಸ್ತಕದ ಹೆಚ್ಚಿನ ಸಾಲುಗಳು ಹೀಗಿವೆ: ‘ಅಪಾಯ: ರನ್‌ವೇಯಿಂದ ಹೊರಜಾರುವುದು. ರಿಸ್ಕ್: 3ಬಿ. ಕ್ರಮ: ಪೈಲಟ್‌ಗಳು ಎಚ್ಚರದಿಂದಿರಲು ಸೂಚಿಸಲಾಗಿದೆ. ಕ್ರಮದ ನಂತರ: 2ಸಿ.’ (ಅಂಕ ಸಾಧ್ಯತೆಗೆ, ಅಕ್ಷರ ಘೋರತೆಗೆ; 2ಸಿ ಎಂದರೆ 3ಬಿಗಿಂತ ಕಡಿಮೆ ರಿಸ್ಕ್.) ಎಲ್ಲವೂ 2ಸಿ ಆಗಿಬಿಟ್ಟಿವೆ. ಯಾವ ಲೆಕ್ಕದಿಂದ ಆದವು ಎಂದು ಕೇಳಿದರೆ ಹೇಳುವವರು ಯಾರೂ ಇಲ್ಲ, ಬರೆದವರು ಕೆಲಸ ಬಿಟ್ಟು ಹೋಗಿದ್ದಾರೆ. ಹಿಂದಿನ ಪರಿಶೋಧನೆಯಲ್ಲಿ ಇದಕ್ಕೆ ಒಂದೇ ಒಂದು ಆಕ್ಷೇಪವೂ ಬಂದಿಲ್ಲ ಎಂಬುದು ನನ್ನ ಚಿಂತೆಯನ್ನು ಹೆಚ್ಚಿಸಿದೆಯೇ ಹೊರತು ಕಡಿಮೆ ಮಾಡಿಲ್ಲ. ಪುಸ್ತಕವನ್ನು ಮೊದಲು ತಿದ್ದಬೇಕೇ, ವರದಿಗಳು ಬರುವಂತೆ ಮೊದಲು ಮಾಡಬೇಕೇ? ಅನುಭವಸ್ಥರು ದಯವಿಟ್ಟು ತಿಳಿಸಿ.

ಪರಿಶೋಧಕಿ

ನಿಮ್ಮ ನೋಂದಣಿಯ ಆ ಒಂದು ಸಾಲೇ ಬಹಳಷ್ಟನ್ನು ಹೇಳುತ್ತದೆ. ರನ್‌ವೇಯಿಂದ ಹೊರಜಾರುವುದು ಒಂದು ಪರಿಣಾಮ. ಅದನ್ನು ಅಪಾಯ ಎಂಬ ಅಂಕಣದಲ್ಲಿ ಬರೆದ ಕ್ಷಣದಿಂದಲೇ ಮುಂದಿನ ಅಂಕಣಗಳೆಲ್ಲ ದಾರಿ ತಪ್ಪುತ್ತವೆ. ಕನ್ನಡದಲ್ಲಿ ಯೋಚಿಸುವ ನಮಗೆ ಈ ಗೊಂದಲ ತುಸು ಹೆಚ್ಚು, ಏಕೆಂದರೆ ಇಂಗ್ಲಿಷಿನಲ್ಲಿ ಹಜಾರ್ಡ್, ರಿಸ್ಕ್, ಡೇಂಜರ್ ಎಂದು ಬೇರೆಬೇರೆಯಾಗಿರುವ ಮೂರನ್ನೂ ನಾವು ‘ಅಪಾಯ’ ಎಂಬ ಒಂದೇ ಚೀಲಕ್ಕೆ ತುಂಬುತ್ತೇವೆ. ತರಬೇತಿ ಕೊಡುವಾಗ ನಾನು ಹಜಾರ್ಡ್ ಅನ್ನು ‘ಅಪಾಯಮೂಲ’ ಎನ್ನುತ್ತೇನೆ, ರಿಸ್ಕ್ ಅನ್ನು ರಿಸ್ಕ್ ಎಂದೇ ಬಿಡುತ್ತೇನೆ. ಮಳೆ ಸುರಿದಾಗ ರನ್‌ವೇಯ ಒಂದು ಭಾಗದಲ್ಲಿ ನೀರು ನಿಲ್ಲುವುದು ಅಪಾಯಮೂಲ. ಇಳಿದ ವಿಮಾನದ ಚಕ್ರಗಳು ಆ ನೀರಿನ ಪದರದ ಮೇಲೆ ತೇಲಿ, ಬ್ರೇಕ್ ಹಿಡಿಯದೆ, ವಿಮಾನ ಹೊರಜಾರುವುದು ಪರಿಣಾಮ. ಆ ಪರಿಣಾಮ ಸಂಭವಿಸುವ ಸಾಧ್ಯತೆ ಎಷ್ಟು, ಸಂಭವಿಸಿದರೆ ಅದರ ಘೋರತೆ ಎಷ್ಟು ಎಂಬೆರಡನ್ನೂ ಕೂಡಿಸಿ ನೋಡಿದ ಅಂದಾಜು ರಿಸ್ಕ್.

ಹೀಗೆ ಬಿಡಿಸಿ ಬರೆದರೆ ಕ್ರಮಗಳು ತಾವಾಗಿ ಕಣ್ಣಿಗೆ ಬೀಳುತ್ತವೆ: ನೀರು ಹರಿದುಹೋಗುವ ವ್ಯವಸ್ಥೆಯ ಬಗ್ಗೆ ವಿಮಾನ ನಿಲ್ದಾಣಕ್ಕೆ ಬರೆಯುವುದು, ಒದ್ದೆ ರನ್‌ವೇಗೆ ಬೇಕಾದ ಇಳಿಯುವ ದೂರವನ್ನು ಹೊರಡುವ ಮುನ್ನವೇ ಲೆಕ್ಕ ಹಾಕುವುದು, ಹಿಂಗಾಳಿ ಇಂತಿಷ್ಟಕ್ಕಿಂತ ಹೆಚ್ಚಿದ್ದರೆ ಇಳಿಯಕೂಡದು ಎಂದು ಸಂಸ್ಥೆಯೇ ಮಿತಿ ಹಾಕುವುದು, ಟೈರ್ ಸವೆತದ ಮಿತಿಯನ್ನು ಮಳೆಗಾಲಕ್ಕೆ ಬಿಗಿಗೊಳಿಸುವುದು. ‘ಎಚ್ಚರದಿಂದಿರಲು ಸೂಚಿಸಲಾಗಿದೆ’ ಎಂಬುದನ್ನು ನಾನು ಕ್ರಮವೆಂದು ಒಪ್ಪುವುದಿಲ್ಲ. ಅಪಾಯಮೂಲವನ್ನು ತೆಗೆದುಹಾಕುವುದು ಸಾಧ್ಯವೇ, ಇಲ್ಲದಿದ್ದರೆ ಯಂತ್ರದಿಂದಲೋ ವಿನ್ಯಾಸದಿಂದಲೋ ತಡೆಯಬಹುದೇ, ಅದೂ ಆಗದಿದ್ದರೆ ಕಾರ್ಯವಿಧಾನವನ್ನು ಬದಲಿಸಬಹುದೇ ಎಂದು ಕೇಳುತ್ತ ಬಂದು, ತರಬೇತಿ ಮತ್ತು ಸೂಚನೆಗಳನ್ನು ಕೊನೆಗಿಟ್ಟುಕೊಳ್ಳಬೇಕು.

ಪರಿಶೋಧನೆಯಲ್ಲಿ ಆಕ್ಷೇಪ ಬಾರದಿದ್ದಕ್ಕೆ ನನ್ನ ವೃತ್ತಿಯವರ ಪಾಲೂ ಇದೆ ಎಂದು ಒಪ್ಪಿಕೊಳ್ಳುತ್ತೇನೆ. ಹಲವು ದೇಶಗಳ ವಿಮಾನಯಾನ ನಿಯಂತ್ರಣ ಸಂಸ್ಥೆಗಳು ಸೇರಿ ರೂಪಿಸಿದ ಮೌಲ್ಯಮಾಪನ ವಿಧಾನದಲ್ಲಿ ನಾಲ್ಕು ಮೆಟ್ಟಿಲುಗಳಿವೆ: ವ್ಯವಸ್ಥೆ ಇದೆಯೇ, ಸಂಸ್ಥೆಯ ಗಾತ್ರಕ್ಕೂ ಕೆಲಸಕ್ಕೂ ಹೊಂದುತ್ತದೆಯೇ, ನಿಜವಾಗಿ ನಡೆಯುತ್ತಿದೆಯೇ, ಫಲ ಕೊಡುತ್ತಿದೆಯೇ. ನಮ್ಮಲ್ಲಿ ಅನೇಕರು ಮೊದಲ ಮೆಟ್ಟಿಲಲ್ಲೇ ಪಟ್ಟಿಗೆ ಗುರುತು ಹಾಕಿ ಹೊರಟುಬಿಡುತ್ತಾರೆ.

ಹ್ಯಾಂಗರಿನವ

ಪುಸ್ತಕ ತಿದ್ದುವುದು ಆಮೇಲಾಗಲಿ, ವರದಿ ಏಕೆ ಬರುತ್ತಿಲ್ಲ ಎಂಬುದನ್ನು ಮೊದಲು ನೋಡಿ ಎಂಬುದು ನನ್ನ ಅಭಿಪ್ರಾಯ. ಇದನ್ನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. ನಿರ್ವಹಣಾ ಎಂಜಿನಿಯರ್ ಆಗಿ ಸೇರಿದ ಮೊದಲ ವರ್ಷಗಳಲ್ಲಿ, ಹೆಸರು ಹೇಳಲಾಗದ ಒಂದು ಸಂಸ್ಥೆಯಲ್ಲಿ, ಬೋಲ್ಟ್‌ಗಳನ್ನು ನಿಗದಿತ ಬಲದಲ್ಲಿ ಬಿಗಿ ಮಾಡಲು ನಾನು ಬಳಸಿದ ಟಾರ್ಕ್ ರೆಂಚ್‌ನ ಅಳತೆ ಸರಿಯಿದೆಯೇ ಎಂದು ನೋಡುವ ಪರೀಕ್ಷೆಯ ಗಡುವು ಮುಗಿದಿತ್ತು ಎಂಬುದನ್ನು ಕೆಲಸ ಮುಗಿದ ಮೇಲೆ ಗಮನಿಸಿ ನಾನೇ ಬರೆದು ಕೊಟ್ಟೆ. ವಿಮಾನವನ್ನು ತಡೆದು ಆ ಬೋಲ್ಟ್‌ಗಳನ್ನು ಮತ್ತೆ ಬಿಗಿ ಮಾಡಿದೆವು, ಅದು ಸರಿಯಾಗಿಯೇ ನಡೆಯಿತು. ಮರುವಾರ ನನ್ನ ಕೈಗೆ ಕಾರಣ ಕೇಳುವ ನೋಟಿಸ್ ಬಂತು. ಗಡುವು ಮೀರಿದ ಉಪಕರಣ ಕಪಾಟಿನಿಂದ ಹೊರಗೆ ಬಂದದ್ದಾದರೂ ಹೇಗೆ ಎಂದು ಉಪಕರಣ ಕೊಠಡಿಯಲ್ಲಿ ಯಾರೂ ಕೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಆ ಹ್ಯಾಂಗರಿನಲ್ಲಿ ನಾನಿದ್ದಷ್ಟು ಕಾಲ ಮತ್ತೆ ಯಾರೂ ಸ್ವಂತ ತಪ್ಪನ್ನು ಬರೆದು ಕೊಡಲಿಲ್ಲ.

ಸ್ವಯಂಪ್ರೇರಿತ ವರದಿಯ ಚರಿತ್ರೆಯಲ್ಲೇ ಈ ಪಾಠವಿದೆ. 1974ರ ಡಿಸೆಂಬರ್ 1ರಂದು ಅಮೆರಿಕದಲ್ಲಿ ಟಿಡಬ್ಲ್ಯುಎ 514 ವಿಮಾನ ವಾಷಿಂಗ್ಟನ್ ಬಳಿಯ ಡಲ್ಲಸ್ ನಿಲ್ದಾಣಕ್ಕೆ ಇಳಿಯಲು ಬರುತ್ತ, ವಿಮಾನ ಸಂಚಾರ ನಿಯಂತ್ರಕರ ಅನುಮತಿಯನ್ನು ತಪ್ಪಾಗಿ ಅರ್ಥ ಮಾಡಿಕೊಂಡು ಅವಧಿಗೆ ಮುನ್ನವೇ ಕೆಳಗಿಳಿದು ಗುಡ್ಡಕ್ಕೆ ಅಪ್ಪಳಿಸಿತು; 92 ಮಂದಿ ಸತ್ತರು. ಅದಕ್ಕೆ ಸುಮಾರು ಆರು ವಾರಗಳ ಹಿಂದೆ ಯುನೈಟೆಡ್ ಸಂಸ್ಥೆಯ ವಿಮಾನವೊಂದು ಅದೇ ಜಾಗದಲ್ಲಿ, ಅದೇ ತಪ್ಪು ತಿಳಿವಳಿಕೆಯಿಂದ, ಕೂದಲೆಳೆಯಲ್ಲಿ ಪಾರಾಗಿತ್ತು. ಆ ಸಂಸ್ಥೆಯ ಒಳಗೆ ವರದಿಯಾಗಿ ಅವರ ಪೈಲಟ್‌ಗಳಿಗೆಲ್ಲ ಎಚ್ಚರಿಕೆ ಹೋಗಿತ್ತು, ಬೇರೆ ಸಂಸ್ಥೆಗಳ ಕಿವಿಗೆ ಮಾತ್ರ ಅದು ಬಿದ್ದಿರಲಿಲ್ಲ. ಇದರಿಂದ ಎಚ್ಚೆತ್ತ ಅಲ್ಲಿನ ನಿಯಂತ್ರಣ ಸಂಸ್ಥೆ ಎಫ್‌ಎಎ 1975ರಲ್ಲಿ ತಾನೇ ವರದಿ ಯೋಜನೆಯೊಂದನ್ನು ಶುರು ಮಾಡಿತು. ಪರವಾನಗಿ ಕಿತ್ತುಕೊಳ್ಳುವ ಅಧಿಕಾರವಿರುವವರ ಕೈಗೇ ತಪ್ಪೊಪ್ಪಿಗೆ ಕೊಡಲು ಯಾರು ತಾನೇ ಮುಂದೆ ಬರುತ್ತಾರೆ? ಮರುವರ್ಷ, 1976ರಲ್ಲಿ, ದಂಡಿಸುವ ಅಧಿಕಾರವೇ ಇಲ್ಲದ ನಾಸಾಗೆ ಆ ಕೆಲಸವನ್ನು ಒಪ್ಪಿಸಿದ ಮೇಲೆ ವರದಿಗಳು ಹರಿದು ಬಂದವು. ಎಎಸ್‌ಆರ್‌ಎಸ್ ಎಂಬ ಆ ಯೋಜನೆ ಇಂದಿಗೂ ನಡೆಯುತ್ತಿದೆ.

ಹೊಸಹೊಣೆ ಅವರೇ, ಟೋ ಬಾರ್ ಬಗ್ಗೆ ಬರೆದುಕೊಟ್ಟ ಆ ಒಬ್ಬರಿಗೆ ಉತ್ತರ ಹೋಗಿದೆಯೇ? ಹೋಗಿಲ್ಲದಿದ್ದರೆ ನಿಮ್ಮ ಕೆಲಸ ಅಲ್ಲಿಂದ ಶುರುವಾಗಲಿ.

ಬಲಗಡೆಸೀಟು

ನಾನು ಸಹಪೈಲಟ್. ಹೆಸರಿಲ್ಲದ ವರದಿಪೆಟ್ಟಿಗೆ ಇಟ್ಟರೆ ಸಾಕಲ್ಲವೇ ಎಂದು ನಮ್ಮಲ್ಲಿ ಅನೇಕರು ಕೇಳುತ್ತಾರೆ. ಆರು ವಿಮಾನಗಳ ಸಂಸ್ಥೆಯಲ್ಲಿ ಹೆಸರಿಲ್ಲದ ವರದಿ ಎಂಬುದು ಹೆಚ್ಚುಕಡಿಮೆ ಕಣ್ಣಾಮುಚ್ಚಾಲೆ ಆಟ: ದಿನಾಂಕ, ಮಾರ್ಗ, ವಿಮಾನದ ಸಂಖ್ಯೆ ಗೊತ್ತಾದರೆ ಕಾಕ್‌ಪಿಟ್‌ನಲ್ಲಿ ಯಾರಿದ್ದರು ಎಂದು ಕ್ಯಾಂಟೀನಿನಲ್ಲಿ ಕುಳಿತವರೂ ಹೇಳುತ್ತಾರೆ. ಆ ವಿವರಗಳನ್ನು ತೆಗೆದರೆ ವರದಿಯಿಂದ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ.

ಇದೇ ಆತಂಕ ವಿಮಾನದ ದತ್ತಾಂಶ ವಿಶ್ಲೇಷಣೆಗೂ ಇದೆ. 27,000 ಕಿಲೋಗ್ರಾಂಗಿಂತ ಭಾರವಾದ ವಿಮಾನಗಳನ್ನು ಹಾರಿಸುವ ಸಂಸ್ಥೆಗಳು ಹಾರಾಟದ ದಾಖಲೆಗಳನ್ನು ವಿಶ್ಲೇಷಿಸಬೇಕೆಂದು ಅಂತರರಾಷ್ಟ್ರೀಯ ನಿಯಮವಿದೆ. ಚಿಕ್ಕ ವಿಮಾನಗಳವರು ಸ್ವಇಚ್ಛೆಯಿಂದ ಮಾಡುತ್ತಾರೆ. ನಾವು ವೇಗವಾಗಿ ಇಳಿದೆವೋ, ಇಳಿಯಲು ಬರುವ ಹಂತ (ಅಪ್ರೋಚ್) ಅಸ್ಥಿರವಾಗಿದ್ದೂ ಮೇಲೇರದೆ ಮುಂದುವರಿದೆವೋ ಎಂಬುದು ನಾವು ಬಾಯಿ ಬಿಡದಿದ್ದರೂ ಯಂತ್ರಕ್ಕೆ ಗೊತ್ತಿರುತ್ತದೆ. ಆದರೆ ಏಕೆ ಮುಂದುವರಿದೆವು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಇಂಧನ ಕಡಿಮೆಯಿತ್ತೇ, ನಿಯಂತ್ರಕರು ಕೊನೆಯ ಗಳಿಗೆಯಲ್ಲಿ ರನ್‌ವೇ ಬದಲಿಸಿದರೇ, ಪಕ್ಕದ ಸೀಟಿನಲ್ಲಿ ಕುಳಿತ ಹಿರಿಯರಿಗೆ ‘ಸರ್, ಗೋ ಅರೌಂಡ್’ (ಇಳಿಯದೆ ಮತ್ತೆ ಮೇಲೇರೋಣ) ಎನ್ನಲು ನಾಲಿಗೆ ಏಳಲಿಲ್ಲವೇ? ಈ ಪ್ರಶ್ನೆಗಳಿಗೆ ಉತ್ತರ ಮನುಷ್ಯರಿಂದಲೇ ಬರಬೇಕು, ಬರಬೇಕಾದರೆ ಆ ದತ್ತಾಂಶ ಮುಖ್ಯ ಪೈಲಟ್‌ರ ಮೇಜಿನ ಮೇಲೆ ಶಿಕ್ಷೆಯ ಕಡತವಾಗಿ ಹೋಗುವುದಿಲ್ಲ ಎಂಬ ಭರವಸೆ ನಮಗಿರಬೇಕು.

ಪರಿಶೋಧಕಿ

ಬಲಗಡೆಸೀಟು ಅವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ನಾಸಾದ ಆ ಯೋಜನೆಯಲ್ಲಿಯೂ ವರದಿಗೆ ಹೆಸರು ಇರುತ್ತದೆ. ವಿವರ ಬೇಕಾದರೆ ವಿಶ್ಲೇಷಕರು ಕರೆ ಮಾಡಿ ಕೇಳುತ್ತಾರೆ, ಆಮೇಲೆ ಹೆಸರಿರುವ ಚೀಟಿಯನ್ನು ಹರಿದು ಬರೆದವರಿಗೇ ವಾಪಸು ಕಳಿಸುತ್ತಾರೆ. ಅನಾಮಧೇಯತೆಗೂ ಗೋಪ್ಯತೆಗೂ ಇರುವ ವ್ಯತ್ಯಾಸ ಇದೇ. ಸಣ್ಣ ಸಂಸ್ಥೆಯಲ್ಲಿ ಹೆಸರು ತಿಳಿಯುವುದನ್ನು ತಪ್ಪಿಸಲಾಗದು ಎಂದಾದರೆ, ಹೆಸರು ತಿಳಿದ ಮೇಲೆ ಏನು ಮಾಡುತ್ತೇವೆ, ಏನು ಮಾಡುವುದಿಲ್ಲ ಎಂಬುದನ್ನು ಬರೆದು ಎಲ್ಲರ ಮುಂದಿಡಬೇಕು.

ಇದರರ್ಥ ಏನು ಮಾಡಿದರೂ ಕ್ಷಮೆ ಎಂದಲ್ಲ. ತನ್ನ ತರಬೇತಿ ಮತ್ತು ಅನುಭವಕ್ಕೆ ತಕ್ಕಂತೆ ನಡೆದುಕೊಂಡವನು ಮಾಡಿದ ತಪ್ಪಿಗೆ ಶಿಕ್ಷೆಯಿಲ್ಲ, ಉದ್ದೇಶಪೂರ್ವಕ ಉಲ್ಲಂಘನೆ ಮತ್ತು ಘೋರ ನಿರ್ಲಕ್ಷ್ಯಕ್ಕೆ ರಕ್ಷಣೆಯಿಲ್ಲ ಎಂಬುದು ನ್ಯಾಯಯುತ ಸಂಸ್ಕೃತಿಯ ಗೆರೆ. ಯುರೋಪಿನ 376/2014 ನಿಯಮ ಇದನ್ನು ಕಾನೂನಿನ ಭಾಷೆಯಲ್ಲೇ ಹೇಳಿದೆ, ಜೊತೆಗೆ ಕಡ್ಡಾಯ ವರದಿಗಳಿಗೆ 72 ಗಂಟೆಗಳ ಗಡುವನ್ನೂ ಇಟ್ಟಿದೆ. ಗೆರೆ ಎಲ್ಲಿದೆ ಎಂಬುದಕ್ಕಿಂತ, ಯಾವ ಘಟನೆ ಗೆರೆಯ ಯಾವ ಕಡೆಗಿದೆ ಎಂದು ತೀರ್ಮಾನಿಸುವವರು ಯಾರು ಎಂಬುದೇ ನಿಜವಾದ ಜಗಳ. ಒಬ್ಬ ವ್ಯವಸ್ಥಾಪಕರ ಕೋಪಕ್ಕೆ ಅದನ್ನು ಬಿಡಬೇಡಿ. ಅದೇ ಕೆಲಸ ಮಾಡುವ ಒಬ್ಬ ಸಹೋದ್ಯೋಗಿಯಾದರೂ ಆ ಕೋಣೆಯಲ್ಲಿರಲಿ.

ಗೋಪುರದಿಂದ

ಇಷ್ಟು ಹೊತ್ತು ವರದಿಗಳ ಬಗ್ಗೆ ಮಾತಾಯಿತು. ವಿಮಾನ ಸಂಚಾರ ನಿಯಂತ್ರಣದಲ್ಲಿ ಬಹುಕಾಲ ಇದ್ದವನಾಗಿ, ಯಾರೂ ವರದಿ ಮಾಡದೆಯೇ ಬಂದು ಕೂರುವ ರಿಸ್ಕ್ ಬಗ್ಗೆ ಹೇಳಲೇಬೇಕು: ಬದಲಾವಣೆ ತರುವ ರಿಸ್ಕ್.

2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್ಲಿಂಗೆನ್ ಪಟ್ಟಣದ ಮೇಲೆ ಪ್ರಯಾಣಿಕರ ಟುಪೊಲೆವ್ 154 ಮತ್ತು ಸರಕು ಸಾಗಿಸುವ ಬೋಯಿಂಗ್ 757 ಆಕಾಶದಲ್ಲೇ ಡಿಕ್ಕಿ ಹೊಡೆದು 71 ಮಂದಿ ಸತ್ತರು. ನಿಯಂತ್ರಕರು ಟುಪೊಲೆವ್‌ಗೆ ಕೆಳಗಿಳಿಯಲು ಹೇಳಿದರು, ವಿಮಾನದೊಳಗಿನ ಡಿಕ್ಕಿ ತಡೆ ಸಾಧನ ಟಿಕ್ಯಾಸ್ ಮೇಲೇರಲು ಹೇಳಿತು, ಸಿಬ್ಬಂದಿ ನಿಯಂತ್ರಕರ ಮಾತು ಕೇಳಿದರು ಎಂಬಷ್ಟು ಎಲ್ಲರಿಗೂ ಗೊತ್ತು. ನನ್ನನ್ನು ಇಂದಿಗೂ ಕಾಡುವುದು ಆ ಎರಡು ವಿಮಾನಗಳನ್ನು ನೋಡಿಕೊಳ್ಳುತ್ತಿದ್ದ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಿಯಂತ್ರಣ ಕೇಂದ್ರದ ಆ ಹೊತ್ತಿನ ಒಳಗಿನ ಸ್ಥಿತಿ. ಅಂದು ರಾತ್ರಿ ಅಲ್ಲಿ ತಾಂತ್ರಿಕ ಕೆಲಸ ನಡೆದಿತ್ತು. ಅದರಿಂದಾಗಿ ರಾಡಾರ್ ವ್ಯವಸ್ಥೆ ಕಡಿಮೆ ಸಾಮರ್ಥ್ಯದಲ್ಲಿ ಓಡುತ್ತಿತ್ತು, ಎರಡು ವಿಮಾನಗಳು ಹತ್ತಿರವಾಗುತ್ತಿವೆ ಎಂದು ಪರದೆಯ ಮೇಲೆ ತೋರಿಸುವ ಮುನ್ನೆಚ್ಚರಿಕೆ ಲಭ್ಯವಿರಲಿಲ್ಲ. ನೆರೆಯ ಕೇಂದ್ರಗಳಿಗೆ ನೇರವಾಗಿ ಮಾತನಾಡುವ ದೂರವಾಣಿ ಮಾರ್ಗವೂ ಸ್ಥಗಿತವಾಗಿತ್ತು, ಬದಲಿ ಮಾರ್ಗ ಕೆಟ್ಟಿತ್ತು. ಇಬ್ಬರು ನಿಯಂತ್ರಕರಲ್ಲಿ ಒಬ್ಬರು ವಿಶ್ರಾಂತಿಗೆ ಹೋಗಿದ್ದರು; ರಾತ್ರಿ ಪಾಳಿಯಲ್ಲಿ ಅದು ಹಲವು ವರ್ಷಗಳಿಂದ ಆಡಳಿತಕ್ಕೆ ಗೊತ್ತಿದ್ದೇ ನಡೆದುಕೊಂಡು ಬಂದ ರೂಢಿ. ಉಳಿದ ಒಬ್ಬರು ಎರಡು ಪರದೆಗಳನ್ನು ನೋಡಿಕೊಳ್ಳುತ್ತ, ತಡವಾಗಿ ಬಂದ ಇನ್ನೊಂದು ವಿಮಾನವನ್ನು ಇಳಿಸಲು ಆ ಕೆಟ್ಟ ದೂರವಾಣಿಯ ಜೊತೆ ಗುದ್ದಾಡುತ್ತಿದ್ದರು. ಕಾರ್ಲ್ಸ್‌ರೂಹೆ ಕೇಂದ್ರದವರಿಗೆ ಡಿಕ್ಕಿಯ ಸೂಚನೆ ಕಂಡು ಅವರು ಮತ್ತೆ ಮತ್ತೆ ಕರೆ ಮಾಡಿದರು, ಕರೆ ತಲುಪಲಿಲ್ಲ.

ಇವುಗಳಲ್ಲಿ ಒಂದೊಂದನ್ನೂ ಬಿಡಿಬಿಡಿಯಾಗಿ ಸಮಿತಿಯ ಮುಂದಿಟ್ಟರೆ ಸಹನೀಯ ಎಂದೇ ಉತ್ತರ ಬರುತ್ತಿತ್ತೇನೋ. ಇಷ್ಟೂ ಒಂದೇ ರಾತ್ರಿ ಒಬ್ಬನೇ ಮನುಷ್ಯನ ತಲೆಯ ಮೇಲೆ ಬರುತ್ತವೆ ಎಂದು ಮುಂಚಿತವಾಗಿ ಕೂತು ನೋಡುವುದಕ್ಕೇ ಬದಲಾವಣೆಯ ನಿರ್ವಹಣೆ ಎಂಬ ಅಂಶವನ್ನು ಎಸ್‌ಎಂಎಸ್‌ನಲ್ಲಿ ಇಟ್ಟಿರುವುದು. ಹೊಸ ವಿಮಾನ, ಹೊಸ ಮಾರ್ಗ ಬಂದಾಗಷ್ಟೇ ಅದನ್ನು ನೆನೆಯುತ್ತೇವೆ. ದುರಸ್ತಿಗಾಗಿ ಒಂದು ರಾತ್ರಿ ಒಂದು ಉಪಕರಣವನ್ನು ನಿಲ್ಲಿಸುವುದೂ ಬದಲಾವಣೆಯೇ, ಹಿರಿಯ ಸಿಬ್ಬಂದಿ ಕೆಲಸ ಬಿಟ್ಟು ಹೋಗುವುದೂ ಬದಲಾವಣೆಯೇ. ನಿಮ್ಮ ನೋಂದಣಿ ಬರೆದವರು ಬಿಟ್ಟು ಹೋದದ್ದನ್ನು ಸಂಸ್ಥೆ ಹಾಗೆ ಕಂಡಿತೇ?

ಹ್ಯಾಂಗರಿನವ

ಗೋಪುರದವರು ಹೇಳಿದ್ದು ನನಗೆ 3ಬಿ, 2ಸಿ ಎಂಬ ಆ ಚೌಕಟ್ಟಿನ ಮೇಲಿರುವ ಹಳೆಯ ಅಸಮಾಧಾನವನ್ನೇ ನೆನಪಿಸಿತು. ಒಂದು ಸಾಲಿಗೆ ಒಂದು ಅಂಕ ಎಂಬ ಲೆಕ್ಕದಲ್ಲಿ ಸಾಲುಗಳ ನಡುವಿನ ಹೆಣಿಗೆ ಕಾಣಿಸುವುದೇ ಇಲ್ಲ. 1989ರ ಮಾರ್ಚ್ 10ರಂದು ಕೆನಡಾದ ಡ್ರೈಡನ್‌ನಲ್ಲಿ ಏರ್ ಒಂಟಾರಿಯೊ ಸಂಸ್ಥೆಯ ಫೋಕರ್ ಎಫ್ 28 ರೆಕ್ಕೆಗಳ ಮೇಲೆ ಹಿಮ ಹೊತ್ತುಕೊಂಡೇ ಮೇಲೇರಲು ಹೋಗಿ ಬಿದ್ದು, ಒಳಗಿದ್ದ 69 ಮಂದಿಯಲ್ಲಿ 24 ಮಂದಿ ಸತ್ತರು. ಹಿಮ ಏಕೆ ತೆಗೆಸಲಿಲ್ಲ? ನೆಲದ ಮೇಲೆ ಎಂಜಿನ್ ಚಾಲೂ ಮಾಡಲು ನೆರವಾಗುವ ಸಹಾಯಕ ಎಂಜಿನ್ ಎಪಿಯು ಕೆಟ್ಟಿತ್ತು. ಅದು ಕೆಟ್ಟಿದ್ದರೂ ಹಾರಬಹುದೆಂದು ನಿಯಮ ಒಪ್ಪುತ್ತದೆ. ಡ್ರೈಡನ್‌ನಲ್ಲಿ ಎಂಜಿನ್ ಚಾಲೂ ಮಾಡುವ ನೆಲದ ಉಪಕರಣವಿರಲಿಲ್ಲ, ಹಾಗಾಗಿ ಒಂದು ಎಂಜಿನ್ನನ್ನು ಓಡಿಸುತ್ತಲೇ ಇರಬೇಕಾಯಿತು. ಎಂಜಿನ್ ಓಡುತ್ತಿರುವಾಗ ಹಿಮ ತೆಗೆಯಬಾರದೆಂದು ಸಂಸ್ಥೆಯದೇ ನಿಯಮ. ಮೂರೂ ಸಮಂಜಸವಾದ ಕಾರಣಗಳಿದ್ದ ವಿಷಯಗಳು, ಮೂರೂ ಸೇರಿದಲ್ಲಿ ಪೈಲಟ್‌ಗೆ ಹೊರದಾರಿಯೇ ಇರಲಿಲ್ಲ. ವಿಚಾರಣಾ ಆಯೋಗದ ನ್ಯಾಯಮೂರ್ತಿ ಮೊಶಾನ್‌ಸ್ಕಿ ಪೈಲಟ್‌ನ ತೀರ್ಮಾನಕ್ಕೆ ನಿಲ್ಲದೆ, ವಿಮಾನ ಸಂಸ್ಥೆ ಮತ್ತು ಸರ್ಕಾರದ ನಿಯಂತ್ರಣ ಸಂಸ್ಥೆಯ ತನಕ ಎಳೆ ಹಿಡಿದು ಹೋಗಿ 191 ಶಿಫಾರಸುಗಳನ್ನು ಕೊಟ್ಟರು.

ಇನ್ನು ‘ಇಷ್ಟು ವರ್ಷ ಏನೂ ಆಗಿಲ್ಲ’ ಎಂಬ ವಾದ. 2006ರಲ್ಲಿ ಅಫ್ಘಾನಿಸ್ತಾನದ ಮೇಲೆ ಬ್ರಿಟನ್ ವಾಯುಪಡೆಯ ನಿಮ್ರಾಡ್ ವಿಮಾನ ಬೆಂಕಿ ಹತ್ತಿ ಉರುಳಿ 14 ಮಂದಿ ಸತ್ತಾಗ, ಅದು ಸುರಕ್ಷಿತವೆಂದು ಕಾರಣಸಹಿತ ತೋರಿಸುವ ‘ಸುರಕ್ಷತಾ ಸಮರ್ಥನೆ’ಯ ದಾಖಲೆ ಆಗಲೇ ಸಿದ್ಧವಾಗಿತ್ತು. ಮೂವತ್ತು ವರ್ಷ ಹಾರಿದ ವಿಮಾನ ಸುರಕ್ಷಿತವೇ ಇರಬೇಕು ಎಂಬ ಪೂರ್ವಗ್ರಹದಿಂದ ಅದನ್ನು ಬರೆಯಲಾಗಿತ್ತೆಂದೂ, ಗುರುತಿಸಿದ ಅಪಾಯಮೂಲಗಳಲ್ಲಿ ಶೇಕಡಾ 40ರಷ್ಟು ಇತ್ಯರ್ಥವಾಗದೆ, ಶೇಕಡಾ 30ರಷ್ಟು ವರ್ಗೀಕರಣವೇ ಆಗದೆ ಉಳಿದಿದ್ದವೆಂದೂ 2009ರ ಹ್ಯಾಡನ್‌ಕೇವ್ ವರದಿ ತೋರಿಸಿತು. ನಿಮ್ಮ 61 ಸಾಲುಗಳೂ 2ಸಿ ಆಗಿ ಮುಚ್ಚಿಹೋಗಿವೆ ಎಂದಿರಿ. ಅಲ್ಲಿ ತೆರೆದಿದ್ದನ್ನು ಯಾರೂ ನೋಡಲಿಲ್ಲ, ನಿಮ್ಮಲ್ಲಿ ನೋಡುವುದಕ್ಕೇ ತೆರೆದದ್ದು ಏನೂ ಇಲ್ಲ.

ಪರಿಶೋಧಕಿ

ಚೌಕಟ್ಟನ್ನು ಪೂರ್ತಿ ಬಿಸಾಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಕಾವೊದ ಕೈಪಿಡಿಯಲ್ಲಿ ಅದು ಇರುವುದು ಹಣ ಮತ್ತು ಸಮಯವನ್ನು ಮೊದಲು ಯಾವುದಕ್ಕೆ ಕೊಡಬೇಕು ಎಂದು ತೀರ್ಮಾನಿಸಲು. 3 ಎಂಬ ಅಂಕವನ್ನು ಥರ್ಮಾಮೀಟರಿನ ಅಳತೆಯಂತೆ ಕಂಡಾಗಲೇ ಕೇಡು. ಅಂಕದ ಪಕ್ಕದಲ್ಲಿ ‘ಏಕೆ 3’ ಎಂದು ಎರಡು ವಾಕ್ಯ ಬರೆಯುವುದನ್ನು ಕಡ್ಡಾಯ ಮಾಡಿ, ಪ್ರತಿ ಕ್ರಮಕ್ಕೂ ಅದು ಫಲಿಸಿತೇ ಎಂದು ತಿರುಗಿ ನೋಡುವ ದಿನಾಂಕ ಇರಲಿ, ಆ ದಿನ ನೋಡುವವರ ಹುದ್ದೆ ನಮೂದಾಗಿರಲಿ. ಹ್ಯಾಂಗರಿನವರು ಹೇಳಿದ ಹೆಣಿಗೆಯನ್ನು ಹಿಡಿಯಲು ನಾನು ಬೋ ಟೈ ಚಿತ್ರವನ್ನು ಬಳಸುತ್ತೇನೆ: ನಡುವೆ ಹಿಡಿತ ತಪ್ಪುವ ಕ್ಷಣ, ಎಡಕ್ಕೆ ಕಾರಣಗಳು, ಬಲಕ್ಕೆ ಪರಿಣಾಮಗಳು, ಎರಡೂ ಕಡೆ ತಡೆಗಳು. ಒಂದೇ ತಡೆ ನಾಲ್ಕು ಕಡೆ ಕಂಡುಬಂದರೆ, ಅದು ಕೆಟ್ಟ ದಿನ ನಾಲ್ಕೂ ಬಾಗಿಲುಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ ಎಂದು ಚಿತ್ರವೇ ಹೇಳುತ್ತದೆ.

ಹೊಸಹೊಣೆ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಟೋ ಬಾರ್ ವರದಿ ಬರೆದವರನ್ನು ಹುಡುಕಿಕೊಂಡು ಹೋದೆ. ಉತ್ತರ ಹೋಗಿರಲಿಲ್ಲ, ಟೋ ಬಾರ್ ಕೂಡ ಬದಲಾಗಿರಲಿಲ್ಲ. ಅದನ್ನು ಅಂದೇ ಬಳಕೆಯಿಂದ ತೆಗೆಸಿದೆ. ಖರೀದಿಗೆ ಹಣ ಬೇಕಾದಾಗ ಮುಖ್ಯ ಹೊಣೆಗಾರರಾದ ಅಧಿಕಾರಿಯ ಬಳಿ ಗೋಡೆಯ ಮೇಲಿನ ಅವರದೇ ಸಹಿಯ ಪತ್ರವನ್ನು ನೆನಪಿಸಬೇಕಾಯಿತು. ಅವರು ನಕ್ಕು ಒಪ್ಪಿದರು. ಬಳಿಕ ಹಳೆಯ ಮತ್ತು ಹೊಸ ಟೋ ಬಾರ್‌ಗಳ ಚಿತ್ರವನ್ನು ಹ್ಯಾಂಗರಿನ ಫಲಕಕ್ಕೆ ಹಾಕಿದೆ, ಬರೆದವರ ಒಪ್ಪಿಗೆ ಪಡೆದು ಅವರಿಗೆ ವಂದನೆಯನ್ನೂ ಹಾಕಿದೆ. ಆಮೇಲೆ ಬಂದ ವರದಿಗಳು ಏಳು. ಅವುಗಳಲ್ಲಿ ಎರಡು ಸಂಬಳದ ದೂರುಗಳು ಎಂಬುದನ್ನೂ ಹೇಳಿಬಿಡುತ್ತೇನೆ. ಆದರೆ ಒಂದು, ರಾತ್ರಿ ವಿಮಾನ ಎಳೆಯುವಾಗ ರೆಕ್ಕೆತುದಿ ನೋಡಿಕೊಳ್ಳಲು ಎರಡನೆಯ ವ್ಯಕ್ತಿ ಇರುವುದೇ ಇಲ್ಲ ಎಂಬುದು. ಇದು ನಮ್ಮ 61 ಸಾಲುಗಳಲ್ಲಿ ಎಲ್ಲಿಯೂ ಇರಲಿಲ್ಲ. ಸಾಲುಗಳನ್ನು ಒಂದೊಂದಾಗಿ ಬಿಡಿಸಿ ಬರೆಯುತ್ತಿದ್ದೇನೆ, ಹದಿನಾಲ್ಕು ಮುಗಿದಿವೆ, ಅವುಗಳಲ್ಲಿ ಐದು ಒಂದೇ ಅಪಾಯಮೂಲದ ಬೇರೆಬೇರೆ ಹೆಸರುಗಳಾಗಿದ್ದವು.

ಈಗ ಎದುರಾಗಿರುವ ತೊಡಕು: ರಾತ್ರಿ ವಿಮಾನ ಎಳೆಯುವವರು ನಮ್ಮ ನೌಕರರಲ್ಲ, ಗುತ್ತಿಗೆಯವರು. ಅವರ ಸಂಸ್ಥೆಗೆ ಅವರದೇ ಎಸ್‌ಎಂಎಸ್ ಇದೆಯಂತೆ. ಎರಡನೆಯ ವ್ಯಕ್ತಿಯನ್ನು ಕೊಡುವ ಹೊಣೆ ಯಾರದು?

ಗೋಪುರದಿಂದ

ವಿಮಾನ ನಿಮ್ಮದು, ಆದ್ದರಿಂದ ರಿಸ್ಕ್ ನಿಮ್ಮ ನೋಂದಣಿಯಲ್ಲಿ ಇರಲೇಬೇಕು. ಗುತ್ತಿಗೆ ಕೊಟ್ಟ ಮಾತ್ರಕ್ಕೆ ಅದು ಕೈದಾಟುವುದಿಲ್ಲ. ಗುತ್ತಿಗೆ ಪತ್ರವನ್ನು ತೆಗೆದು, ರಾತ್ರಿ ಎಳೆಯುವ ಕೆಲಸಕ್ಕೆ ಎಷ್ಟು ಜನ ಎಂದು ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ ಅವರ ಸುರಕ್ಷತಾ ವ್ಯವಸ್ಥಾಪಕರನ್ನು ಕರೆದುಕೊಂಡು ಒಂದು ರಾತ್ರಿ ನೀವಿಬ್ಬರೂ ಹ್ಯಾಂಗರಿನ ಬಾಗಿಲಲ್ಲಿ ನಿಂತು ಆ ಕೆಲಸ ನಡೆಯುವುದನ್ನು ನೋಡಿ, ಪತ್ರಕ್ಕೆ ತಿದ್ದುಪಡಿ ಆಮೇಲೆ ಬರೆಯಿರಿ. ಅಲ್ಲಿಯವರೆಗೆ ರಾತ್ರಿ ನಿಮ್ಮದೇ ಒಬ್ಬರನ್ನು ರೆಕ್ಕೆತುದಿಗೆ ನಿಲ್ಲಿಸಲು ಸಾಧ್ಯವೇ?

ಹೊಸಹೊಣೆ

ಸಾಧ್ಯವಿದೆ. ಪಾಳಿಯ ಪಟ್ಟಿಯನ್ನು ಇಂದೇ ಬದಲಿಸುತ್ತೇನೆ. ಇದೂ ಒಂದು ಬದಲಾವಣೆಯೇ ಆದ್ದರಿಂದ, ಆ ಒಬ್ಬರು ಬಿಟ್ಟುಬರುವ ಕೆಲಸವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಪಾಳಿಯ ಮುಖ್ಯಸ್ಥರ ಜೊತೆ ಕುಳಿತು ಮೊದಲು ಬರೆದುಕೊಳ್ಳುತ್ತೇನೆ.